ಕೈಮಾತಿನ ಕಾರ್ಮಿನ್ ಬಾಯಿ

ಗುರುವಾಯನಕೆರೆ ಪೇಟೆಯಲ್ಲಿ ಇನ್ನೂ ಬೀದಿದೀಪ ಆರಿಲ್ಲ. ನಿಂತ ಬಸ್ಸಿನ ಇಂಜಿನ್ ಗುಡುಗುಡು ಎನ್ನುತ್ತಿದೆ. ಕಂಡಕ್ಟರ್ ಬಂಟ್ವಾಳ, ಬಂಟ್ವಾಳ ಎಂದು ಕೂಗುತ್ತಿದ್ದಾನೆ. ಹೋಟೆಲಿನವರು ಶಟರ್ ಎತ್ತುತ್ತಿದ್ದಾರೆ. ಇಷ್ಟೆಲ್ಲ ಗದ್ದಲದ ನಡುವೆ ರಸ್ತೆಯ ಆಚೆ ಈಚೆ ಇಬ್ಬರು ಸದ್ದಿಲ್ಲದೆ ಪಟ್ಟಾಂಗ ಹೊಡೆಯುತ್ತಿದ್ದಾರೆ. ಬಸ್ಸಿನ ಕಿಟಕಿಯಲ್ಲಿ ಕುಳಿತ ಲಿಗೋರಿ ರೆಬೆಲ್ಲೊ ಎರಡೂ ಕೈ ಹೊರಗೆ ಹಾಕಿ, ಬೆಳಿಗ್ಗೆ ಮನೆಯ ಹೇಂಟೆ ಕೋಳಿಯ ಮೊಟ್ಟೆಗಳು ಒಡೆದು ಮರಿಗಳು ಹೊರಬಂದದ್ದನ್ನು, ಒಂದು ಮರಿ ತಾಯಿಯ ಬೆನ್ನು ಹತ್ತಿ ಇಳಿಯಲು ಒಪ್ಪದಿರುವುದನ್ನು ಬೆರಳುಗಳಲ್ಲೇ ಬಣ್ಣಿಸುತ್ತಿದ್ದಾರೆ. ಈಚೆ ಬದಿಯಲ್ಲಿ ಮೂಡುಬಿದಿರೆ ಬಸ್ಸಿಗೆ ಕಾದಿರುವ ಅವರ ತಂಗಿ ಕಾರ್ಮಿನ್ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ.

ಲಿಗೋರಿಗೆ ಹುಟ್ಟಿನಿಂದಲೂ ಕಿವಿ ಕೇಳುವುದಿಲ್ಲ. ಬಂಟ್ವಾಳದ ಒಂದು ಪೀಠೋಪಕರಣದ ಅಂಗಡಿಯಲ್ಲಿ ಬಡಗಿ. ಊರಿನವರೆಲ್ಲ ಗೌರವದಿಂದ ಕಾರ್ಮಿನ್ ಬಾಯಿ ಎಂದೇ ಕರೆಯುವ ತಂಗಿ ಬೀಡಿ ಕಟ್ಟಿ ಬದುಕುವವರು, ವಯಸ್ಸು ಐವತ್ತು ದಾಟಿದೆ. ಆದರೆ ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಯ ಸುತ್ತುಮುತ್ತ ಮಾತು ಬಾರದವರ ಮನೆಗಳಲ್ಲಿ ಅವರನ್ನು ಬಲ್ಲವರು ಬೀಡಿಯ ಲೆಕ್ಕದಿಂದಲ್ಲ, ಕೈಮಾತಿನಿಂದ. ಆಸ್ಪತ್ರೆಗೆ, ಬ್ಯಾಂಕಿಗೆ, ಪಂಚಾಯತಿಗೆ, ಕೆಲವೊಮ್ಮೆ ಠಾಣೆಗೆ ಅವರು ಜೊತೆಗೆ ಹೋಗುತ್ತಾರೆ. ಕೈ ಹೇಳಿದ್ದನ್ನು ಬಾಯಲ್ಲಿ, ಬಾಯಿ ಹೇಳಿದ್ದನ್ನು ಕೈಯಲ್ಲಿ ದಾಟಿಸುತ್ತಾರೆ.

ಇಂದು ಅವರ ಪಕ್ಕದಲ್ಲಿರುವುದು ಮುಂಡಾಜೆಯ ರಾಜೀವಿ. ಕಿವಿ ಕೇಳದ, ತೋಟದ ಕೆಲಸದ ಹೆಂಗಸು. ಇಬ್ಬರೂ ಮೂಡುಬಿದಿರೆಯ ಆಸ್ಪತ್ರೆಗೆ ಹೊರಟವರು. ಹೊಟ್ಟೆನೋವಿಗೆ ವರ್ಷಗಟ್ಟಲೆ ಮದ್ದು ತಿಂದರೂ ಗುಣವಾಗಲಿಲ್ಲ. ವೈದ್ಯರು ಏನು ಕೇಳಿದರೂ ರಾಜೀವಿ ನಕ್ಕು ತಲೆ ಆಡಿಸುತ್ತಿದ್ದುದೇ ಅದಕ್ಕೆ ಕಾರಣ ಎಂದು ಕಾರ್ಮಿನ್ ಹೇಳುತ್ತಾರೆ. "ನಮ್ಮವರು ತಲೆ ಆಡಿಸಿದ್ರೆ ಅದು ಹೌದು ಅಂತ ಅಲ್ಲ ಮಾರಾಯ್ರೆ. ನೀವು ಬೈಬೇಡಿ, ನನ್ನನ್ನು ಬಿಟ್ಟುಬಿಡಿ ಅಂತ. ಅಷ್ಟೇ."

ಈ ಪಾಠವನ್ನು ಅವರು ಕಲಿತದ್ದು ಕಷ್ಟಪಟ್ಟೇ. ಹುಡುಗಿಯಾಗಿದ್ದಾಗ ಇಗರ್ಜಿಯ ಸಭಾಂಗಣದಲ್ಲಿ ಆಫ್ರಿಕದಿಂದ ರಜೆಗೆ ಬಂದ ಪಾದ್ರಿಯೊಬ್ಬರು ಅಲ್ಲಿನ ಚಿತ್ರಗಳನ್ನು ತೋರಿಸಿದ್ದರು. ಅಂದಿನಿಂದ ಕಾರ್ಮಿನ್‌ಗೆ ಒಂದೇ ಹಂಬಲ, ತಾನೂ ಅವರಂತೆ ಮಿಶನ್ ಸೇವೆಗೆ ಹೋಗಬೇಕು, ಸಮುದ್ರ ದಾಟಿ ಹೋಗಬೇಕು. ಸನ್ಯಾಸಿನಿಯಾಗಲು ಕಾನ್ವೆಂಟು ಸೇರಿದರು. ತರಬೇತಿ ಮುಗಿಯುವ ಮೊದಲೇ ತಂದೆ ತೀರಿಕೊಂಡರು, ತಾಯಿ ಹಾಸಿಗೆ ಹಿಡಿದರು. ನೋಡಿಕೊಳ್ಳಲು ಕಿವಿ ಕೇಳದ ಅಣ್ಣನ ಹೊರತು ಬೇರೆ ಯಾರೂ ಇರಲಿಲ್ಲ. ಪೆಟ್ಟಿಗೆ ಹಿಡಿದು ಮನೆಗೆ ಮರಳಿದಾಗ, ದೇವರು ಕರೆದು ಬಾಗಿಲಿನಿಂದಲೇ ವಾಪಸು ಕಳಿಸಿದರಲ್ಲ ಎಂದು ಬಹಳ ದಿನ ಮುನಿಸಿಕೊಂಡಿದ್ದರಂತೆ.

ಆ ದಿನಗಳಲ್ಲೇ ಒಮ್ಮೆ ಸಂತೆಯಲ್ಲಿ ಯಾರದ್ದೋ ಪರ್ಸು ಕಾಣೆಯಾಯಿತು. ಹತ್ತಿರ ನಿಂತಿದ್ದ ಲಿಗೋರಿಯನ್ನು ಹಿಡಿದು, ನೀನು ಕದ್ದದ್ದಾ ಎಂದು ಕೇಳಿದರು. ಲಿಗೋರಿ ಎಂದಿನಂತೆ ನಕ್ಕು ತಲೆ ಆಡಿಸಿದರು. ಜನ ಹೊಡೆದರು. ಪರ್ಸು ಆಮೇಲೆ ತರಕಾರಿ ಗೋಣಿಯ ಅಡಿಯಲ್ಲಿ ಸಿಕ್ಕಿತು.

"ಸುದ್ದಿ ಗೊತ್ತಾಗಿ ಓಡಿದೆ. ಅವನ ಬಾಯಿಂದ ರಕ್ತ ಬರ್ತಾ ಇತ್ತು," ಎನ್ನುತ್ತಾರೆ ಕಾರ್ಮಿನ್. "ಏನಾಯ್ತು ಅಂತ ಕೇಳ್ಲಿಕ್ಕೆ ನನಗೆ ಭಾಷೆ ಇರ್ಲಿಲ್ಲ. ಊಟಕ್ಕೆ ಬಾ, ಮಲಗು, ಇಷ್ಟೇ ಗೊತ್ತಿದ್ದದ್ದು. ಆಫ್ರಿಕದ ಭಾಷೆ ಕಲೀಲಿಕ್ಕೆ ತಯಾರಿದ್ದವಳು ನಾನು. ಅಣ್ಣನದ್ದು ಕಲಿತಿರ್ಲಿಲ್ಲ."

ಮಂಗಳೂರಿನಲ್ಲಿ ಕಿವುಡ ಮಕ್ಕಳಿಗೆ ಕಲಿಸುತ್ತಿದ್ದ ಒಬ್ಬ ಸಿಸ್ಟರನ್ನು ಹುಡುಕಿಕೊಂಡು ಹೋದರು. ಅಣ್ಣನನ್ನೂ ಕರೆದುಕೊಂಡು ಹೋದರು. ರಜೆ ಸಿಕ್ಕಾಗಲೆಲ್ಲ ಇಬ್ಬರೂ ಒಟ್ಟಿಗೆ ಸಂಜ್ಞಾ ಭಾಷೆ ಕಲಿತರು. ಲಿಗೋರಿ ಬೇಗ ಕಲಿತರು, ತಂಗಿಯ ಬೆರಳು ತಪ್ಪಿದಾಗ ತಲೆಗೆ ಮೊಟಕಿ ತಿದ್ದಿದರು. ಈಗ ಭಾನುವಾರದ ಪೂಜೆಯಲ್ಲಿ ಕಾರ್ಮಿನ್ ಬಲಿಪೀಠದ ಬದಿಗೆ ನಿಂತು ಸುವಾರ್ತೆಯನ್ನು ಕೈಗಳಲ್ಲಿ ಹೇಳುತ್ತಾರೆ. ಮೊದಲು ಕೊನೆಯ ಬೆಂಚಿನಲ್ಲಿ ಕಂಬ ನೋಡುತ್ತಾ ಕೂರುತ್ತಿದ್ದ ಲಿಗೋರಿ ಈಗ ಮುಂದಿನ ಸಾಲಿನಲ್ಲಿರುತ್ತಾರೆ. ಪಾದ್ರಿಗಳ ಪ್ರಸಂಗ ಉದ್ದವಾದರೆ, ಸಾಕು ಎಂದು ಹೇಳು ಅವರಿಗೆ, ಎಂದು ತಂಗಿಗೆ ಸನ್ನೆ ಮಾಡುವುದೂ ಉಂಟು.

ಊರಿಗೆ ಈ ಸುದ್ದಿ ಹಬ್ಬಿ, ಅಳದಂಗಡಿ ಬಳಿಯ ಜುಲೈಕಾ ಎಂಬ ತಾಯಿ ತನ್ನ ಕಿವಿ ಕೇಳದ ಮಗಳು ಶಾಹಿದಾಳಿಗಾಗಿ ಹೇಳಿಕಳಿಸಿದರು. ಹುಡುಗಿಗೆ ಆಗ ಹನ್ನೆರಡರ ಆಸುಪಾಸು. ತಂದೆ ಮೂಸಾ ಬ್ಯಾರಿ, ಮೀನಿನ ವ್ಯಾಪಾರಿ, ಜಗಲಿಯಲ್ಲೇ ತಡೆದು ನಿಲ್ಲಿಸಿದರು. ಕೊರಳಲ್ಲಿ ಶಿಲುಬೆ ಹಾಕಿಕೊಂಡು ಬಂದವರ ಬಗ್ಗೆ ಅವರಿಗೆ ಅನುಮಾನವಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಮಗಳನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ ಎಂದು ನೇರವಾಗಿ ಕೇಳಿದರು.

"ಎಲ್ಲಿಗೂ ಇಲ್ಲ ಬ್ಯಾರಿಗಳೇ. ನಿಮ್ಮ ಹತ್ತಿರವೇ ತಂದು ಬಿಡ್ತೇನೆ," ಎಂದರಂತೆ ಕಾರ್ಮಿನ್. "ಆದರೆ ನೀವು ಕೂಡ ಕಲೀಬೇಕು."

ಮೂಸಾ ಕಲಿತರು. ಜುಲೈಕಾ ಕಲಿತರು. ಮೂರನೆಯದೋ ನಾಲ್ಕನೆಯದೋ ತಿಂಗಳಲ್ಲಿ ಶಾಹಿದಾ ಮೊದಲ ಬಾರಿಗೆ ತಂದೆಯೊಂದಿಗೆ ಒಂದು ಪೂರ್ತಿ ವಾಕ್ಯ ಮಾತಾಡಿದಳು. ತನಗೆ ಬಂಗುಡೆ ಮೀನು ಇಷ್ಟವೇ ಇಲ್ಲ, ಇಷ್ಟು ವರ್ಷ ಬೇರೆ ದಾರಿಯಿಲ್ಲದೆ ತಿಂದೆ, ಎಂದು. ಮೂಸಾ ಆ ಕತೆಯನ್ನು ಈಗಲೂ ಗಿರಾಕಿಗಳಿಗೆಲ್ಲ ಹೇಳುತ್ತಾರೆ. ಹೇಳುವಾಗ ಕಣ್ಣು ಒದ್ದೆಯಾಗುತ್ತದೆ, ನಗುವೂ ನಿಲ್ಲುವುದಿಲ್ಲ.

ಹೋದ ಅಕ್ಟೋಬರಿನಲ್ಲಿ, ಧರ್ಮಸೇವೆಗೆ ಮೀಸಲಾದ ಮಿಶನ್ ಭಾನುವಾರ ಇಗರ್ಜಿಯಲ್ಲಿ ಸಭೆ ಇತ್ತು. ನಿಮ್ಮ ಸೇವೆಯಿಂದ ಎಷ್ಟು ಜನ ಇಗರ್ಜಿಗೆ ಬಂದರು ಎಂದು ಹಿರಿಯರೊಬ್ಬರು ವಿಶ್ವಾಸದಿಂದಲೇ ಕೇಳಿದರು. ಕಾರ್ಮಿನ್ ಎದ್ದು ನಿಂತು ಸ್ವಲ್ಪ ಯೋಚಿಸಿದರು. "ಒಬ್ಬರೂ ಬರ್ಲಿಲ್ಲ. ನಾನೇ ಅವರ ಮನೆಗೆ ಹೋದದ್ದು," ಎಂದು ಹೇಳಿ ಕುಳಿತರು. ಸಭೆ ನಕ್ಕಿತು. ಇಗರ್ಜಿಯ ಯುವ ಧರ್ಮಗುರು ಫಾದರ್ ವಲೇರಿಯನ್ ಆ ಮಾತನ್ನು ಮರೆತಿಲ್ಲ. ಯೇಸು ಎಲ್ಲರನ್ನೂ ತನ್ನ ಹಿಂದೆ ಬಾ ಎಂದು ಕರೆದದ್ದಲ್ಲ, ಗುಣವಾದ ಒಬ್ಬನನ್ನು ನಿನ್ನ ಮನೆಯವರ ಹತ್ತಿರ ಹೋಗು ಎಂದು ಕಳಿಸಿದ್ದೂ ಉಂಟಲ್ಲ ಎಂದು ಅವರು ನೆನಪಿಸುತ್ತಾರೆ. ಆ ಸಭೆಯ ಮುಂದಿನ ವಾರದಿಂದಲೇ ಅವರು ಕೈಮಾತಿನ ತರಗತಿ ತೆರೆದರು. ಮೊದಲ ಬೆಂಚಿನಲ್ಲಿ ತಾವೇ ಕುಳಿತರು.

ಕಾರ್ಮಿನ್‌ಗೆ ನಿಜವಾದ ಪರೀಕ್ಷೆ ಬಂದದ್ದು ಈ ವರ್ಷ, ಬೆಳೆದು ದೊಡ್ಡವಳಾದ ಶಾಹಿದಾಳ ಮದುವೆಯ ದಿನ. ಹುಡುಗ ನಿಝಾರ್, ಬಂಟ್ವಾಳದವನು, ಟೈಲ್ಸ್ ಅಂಗಡಿಯಲ್ಲಿ ಕೆಲಸ. ಕಿವಿ ಕೇಳುತ್ತದೆ. ಅಂಗಳದಲ್ಲಿ ನಿಕಾಹ್ ನಡೆಸುವ ಉಸ್ತಾದರು, ನೆಂಟರು ಕಾದಿದ್ದರು. ನಿಕಾಹಿಗೆ ಮೊದಲು ಒಪ್ಪಿಗೆ ಕೇಳಲು ಮೂಸಾ ಸಾಕ್ಷಿಗಳೊಂದಿಗೆ ಒಳಗೆ ಬಂದರು. ಶಾಹಿದಾ ತಲೆ ಆಡಿಸಲಿಲ್ಲ. ಕಾರ್ಮಿನ್ ಕಡೆಗೆ ತಿರುಗಿ ಕೈಗಳನ್ನು ಎತ್ತಿದಳು. ಆ ಮನೆಯಲ್ಲಿ ಯಾರಾದರೂ ನನ್ನ ಹತ್ತಿರ ಮಾತಾಡುತ್ತಾರಾ, ಇಲ್ಲ ನಾನು ಮತ್ತೆ ಹನ್ನೆರಡು ವರ್ಷದವಳ ಹಾಗೆ ಇರಬೇಕಾ, ಅದನ್ನು ಕೇಳಿ ಎಂದಳು.

ಶಾಹಿದಾಳ ಹಿರಿಯ ಸೋದರತ್ತೆಯೊಬ್ಬರು ಕಾರ್ಮಿನ್ ತೋಳು ಹಿಡಿದು, ಈಗ ಅದೆಲ್ಲ ಬೇಡ, ಹೌದು ಅಂದಳು ಅಂತ ಹೇಳಿಬಿಡಿ, ಹೊರಗೆ ಜನ ಕಾಯ್ತಿದ್ದಾರೆ ಎಂದು ಪಿಸುಗುಟ್ಟಿದರು. ಸಂಬಂಧ ಮುರಿದರೆ ಅಪವಾದ ತನ್ನ ತಲೆಗೇ ಬರುತ್ತದೆ ಎಂದು ಕಾರ್ಮಿನ್‌ಗೂ ಗೊತ್ತಿತ್ತು. ಸಂತೆಯಲ್ಲಿ ತಲೆ ಆಡಿಸಿದ ಅಣ್ಣ ನೆನಪಾದ.

"ಅವಳು ಹೇಳಿದ್ದನ್ನು ಹೇಳದೆ ಇರ್ಲಿಕ್ಕೆ ನನಗೆ ಆಗುವುದಿಲ್ಲ," ಎಂದರು.

"ಹೇಳಿ ಬಾಯಿ, ಸಾಕ್ಷಿಗಳಿಗೂ ಗೊತ್ತಾಗ್ಲಿ," ಎಂದರು ಮೂಸಾ. "ನಾನೇ ಹೋಗಿ ಕೇಳ್ತೇನೆ."

ಪ್ರಶ್ನೆ ಅಂಗಳಕ್ಕೆ ಹೋಯಿತು. ಉತ್ತರ ಕಳಿಸುವ ಬದಲು ನಿಝಾರ್ ತಾನೇ ಬಾಗಿಲ ಬಳಿ ಬಂದ. ಬೆವರುತ್ತಿದ್ದ. ಮೊಬೈಲಿನಲ್ಲಿ ನೋಡಿ ಕದ್ದು ಕಲಿತದ್ದನ್ನು ಎಲ್ಲರೆದುರು ಕೈಯಲ್ಲಿ ಹೇಳಿದ. ನಾನು ಕಲಿಯುತ್ತೇನೆ, ನನ್ನ ಉಮ್ಮನೂ ಕಲಿಯುತ್ತಾರೆ, ನಿನ್ನನ್ನು ಸಂತೋಷವಾಗಿ ನೋಡಿಕೊಳ್ಳುತ್ತೇನೆ ಎನ್ನುವುದು ಅವನ ಉದ್ದೇಶ. ಆದರೆ ಕೊನೆಯ ಸನ್ನೆ ತಪ್ಪಿ, ನಿನ್ನನ್ನು ಹಸಿವಿನಲ್ಲಿ ನೋಡಿಕೊಳ್ಳುತ್ತೇನೆ ಎಂದಾಯಿತು. ಶಾಹಿದಾ ಬಿದ್ದು ಬಿದ್ದು ನಕ್ಕಳು. ಕಾರ್ಮಿನ್ ಅದನ್ನೂ ಇದ್ದ ಹಾಗೆಯೇ ಬಾಯಲ್ಲಿ ಹೇಳಿದರು. ತೋಳು ಹಿಡಿದಿದ್ದ ಸೋದರತ್ತೆಯೂ ನಕ್ಕರು. ನಗುವಿನ ಕಣ್ಣೀರು ಒರೆಸಿಕೊಂಡು ಶಾಹಿದಾ ತಂದೆಯ ಕಡೆ ತಿರುಗಿ, ತನ್ನ ಕೈಯಲ್ಲೇ, ಎಲ್ಲರಿಗೂ ಕಾಣುವ ಹಾಗೆ, ಒಪ್ಪಿಗೆ ಎಂದಳು.

ಮೂಡುಬಿದಿರೆ ಬಸ್ಸು ಬರುತ್ತದೆ. ರಾಜೀವಿಗೆ ಕಿಟಕಿಯ ಬದಿ ಕೊಟ್ಟು ಕಾರ್ಮಿನ್ ಪಕ್ಕದಲ್ಲಿ ಕುಳಿತುಕೊಳ್ಳುತ್ತಾರೆ. ಕಳೆದ ವಾರ ಅವರು ಬಂಟ್ವಾಳಕ್ಕೆ, ಶಾಹಿದಾಳ ಗಂಡನ ಮನೆಗೆ ಹೋಗಿದ್ದರು. ಅತ್ತೆ ಸೊಸೆ ಅಡುಗೆಮನೆಯಲ್ಲಿ ಸಾರಿನ ಉಪ್ಪಿನ ವಿಷಯಕ್ಕೆ ಜೋರು ಜಗಳದಲ್ಲಿದ್ದರು, ನಾಲ್ಕೂ ಕೈ ಗಾಳಿಯಲ್ಲಿ. ಅವಳು ಏನೆಂದಳು ಎಂದು ಒಬ್ಬರೂ ಕಾರ್ಮಿನ್ ಮುಖ ನೋಡಲಿಲ್ಲ.

"ನನಗೆ ಅಲ್ಲಿ ಏನೂ ಕೆಲಸವೇ ಇರ್ಲಿಲ್ಲ ಗೊತ್ತುಂಟಾ," ಎನ್ನುತ್ತಾರೆ ಅವರು, ಮುಖ ತುಂಬ ನಗು. "ಚಹಾ ಕುಡಿದು ಬಂದೆ."