ಅರ್ಧ ಗಡ್ಡದವನ ಗಿಟಾರು

"ಎರಡೇ ಎರಡು ತಿಂಗಳು ಕೊಡಿ ಬೀಗರೇ. ಕಣ್ಣು ಮುಚ್ಚಿಕೊಂಡು ಗಿಟಾರ್ ನುಡಿಸದಿದ್ರೆ ನನ್ನ ಕತ್ತರೀನ ತಗೊಂಡು ಹೋಗಿ ನಿಮ್ಮ ಬೇಕರೀಲಿ ಬ್ರೆಡ್ ಕತ್ತರಿಸಿ."

ಹೀಗೆ ಅಂದವನು ಕ್ಷೌರಿಕ ಎಡಗೈಯಣ್ಣ. ಅಂದಾಗ ಅವನಿಗೆ ಗಿಟಾರಿನ ಬಗ್ಗೆ ಗೊತ್ತಿದ್ದದ್ದು ಇಷ್ಟು: ಅದಕ್ಕೆ ಆರು ತಂತಿ, ಒಂದು ತೂತು, ಮತ್ತು ಆ ತೂತಿನೊಳಗೆ ಒಮ್ಮೆ ಧೂಳು ಸೇರಿದರೆ ಯಾವ ಬ್ರಷ್ಷಿಗೂ ಸಿಗುವುದಿಲ್ಲ.

ಮಾತು ಹುಟ್ಟಿದ್ದು ಮಗಳ ಮದುವೆ ಗೊತ್ತಾದ ದಿನ. ಬೀಗರಾಗಲಿದ್ದ ಬೇಕರಿಯವರು ನಾಲ್ಕನೇ ಲೋಟ ಚಹಾ ಕುಡಿಯುತ್ತ, "ನಮ್ಮ ಕಡೆಯಿಂದ ನನ್ನ ತಮ್ಮ ಹಾಡ್ತಾನೆ. ಅವನ ಗಂಟಲು ಅಂದ್ರೆ ಗಂಟಲು. ನಿಮ್ಮ ಕಡೆಯಿಂದ ಏನು?" ಎಂದು ಕೇಳಿದ್ದರು. 'ನಮ್ಮ ಕಡೆಯಿಂದ ನಿಮ್ಮೆಲ್ಲರಿಗೂ ಕಟಿಂಗ್' ಅನ್ನಬಹುದಿತ್ತು. ಬಾಯಿಗೆ ಗಿಟಾರು ಬಂತು. ಬಂದದ್ದನ್ನು ನುಂಗುವಷ್ಟರಲ್ಲಿ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಅಪ್ಪ, ನಿಜವಾಗ್ಲೂ? ನಮ್ಮ ಹೂಂಹೂಂ ಹಾಡು ನುಡಿಸ್ತೀಯಾ? ಅದೊಂದು ನುಡಿಸು ಸಾಕು. ನನಗೆ ಬೇರೇನೂ ಕೊಡಬೇಡ."

ಅಲ್ಲಿಗೆ ಎಡಗೈಯಣ್ಣನ ಕತೆ ಮುಗಿಯಿತು, ಅಥವಾ ಶುರುವಾಯಿತು.

ಹೂಂಹೂಂ ಹಾಡು ಅಂದರೆ ಇದು. ಮಗಳಿಗೆ ಮೂರು ವರ್ಷವಾದಾಗ ಕತ್ತರಿಯ ಕಚಕಚ ಕೇಳಿದರೆ ಸಾಕು, ಮೂರು ಬೀದಿಯಾಚೆಯ ನಾಯಿಗಳು ಎದ್ದು ನಿಲ್ಲುವಂತೆ ಕಿರುಚುತ್ತಿದ್ದಳು. ತಲೆಯನ್ನು ಗಿರಗಿಟ್ಟಲೆಯಂತೆ ತಿರುಗಿಸುತ್ತಿದ್ದಳು. ಅಪ್ಪ ಅವಳ ಕೈಗೆ ಪುಟ್ಟ ಕೈಗನ್ನಡಿ ಕೊಟ್ಟು, "ಇದರೊಳಗಿರೋ ಪಾಪುನ ನೋಡ್ತಾ ಇರು, ಅದು ಓಡಿ ಹೋಗದ ಹಾಗೆ ಕಾಯಬೇಕು" ಎಂದು, ಮೂಗಿನಲ್ಲೇ ಒಂದು ರಾಗ ತೆಗೆದಿದ್ದ. ಅದಕ್ಕೆ ಮಾತಿಲ್ಲ. ಅರ್ಧ ಅವನ ಮೂಗಿನದು, ಅರ್ಧ ಕತ್ತರಿಯದು. ಮಗು ಕನ್ನಡಿಯ ಪಾಪುವನ್ನು ಕಾಯುತ್ತ ಕಲ್ಲಿನಂತೆ ಕೂತಿತು. ಅಂದಿನಿಂದ ಇಪ್ಪತ್ತಾರನೇ ವಯಸ್ಸಿನವರೆಗೆ ಅವಳ ಕೂದಲಿಗೆ ಬೇರೆ ಕತ್ತರಿ ತಾಗಿದ್ದಿಲ್ಲ. ಈಗ ಅವಳು ಹಲ್ಲಿನ ಡಾಕ್ಟರ ಬಳಿ ಕೆಲಸಕ್ಕಿದ್ದಳು. ಅಪ್ಪ ಜನರಿಗೆ ತಲೆ ತಗ್ಗಿಸಿ ಅನ್ನುವುದು, ಮಗಳು ಬಾಯಿ ತೆರೆಯಿರಿ ಅನ್ನುವುದು. ಊರನ್ನು ಇಬ್ಬರೂ ಹಂಚಿಕೊಂಡು ಆಳುತ್ತಿದ್ದರು. ಮದುವೆಯಾದ ಮೇಲೆ ಅವಳು ಹೋಗುವ ಊರು ರೈಲಿನಲ್ಲಿ ಒಂಬತ್ತು ಗಂಟೆ ದೂರ. ಕೂದಲು ಅಷ್ಟು ದೂರ ಬಂದು ಕತ್ತರಿಸಿಕೊಳ್ಳುವ ವಸ್ತುವಲ್ಲ.

ಇನ್ನು ಗಿಟಾರು. ಅದು ಅಂಗಡಿಯ ಗೂಟದ ಮೇಲೆ ಹನ್ನೊಂದು ವರ್ಷದಿಂದ ನೇತಾಡುತ್ತಿತ್ತು. ಒಬ್ಬ ಯುವಕ ಅದನ್ನು ಗೂಟಕ್ಕೆ ತಗುಲಿಸಿ, ಕುರ್ಚಿಯಲ್ಲಿ ಕೂತು, ಎಡಗೆನ್ನೆ ಬೋಳಿಸಿ ಮುಗಿದ ಕ್ಷಣದಲ್ಲಿ ಏನೋ ನೆನಪಾಗಿ, ಬಲಗೆನ್ನೆಯ ನೊರೆಯ ಸಮೇತ ಎದ್ದು ಬೀದಿಗೆ ಓಡಿದ್ದ. ಮತ್ತೆ ಬಂದಿಲ್ಲ. ಬರುತ್ತಾನೆ ಎಂಬುದರಲ್ಲಿ ಎಡಗೈಯಣ್ಣನಿಗೆ ಸಂಶಯವೇ ಇರಲಿಲ್ಲ. ಅರ್ಧ ಗಡ್ಡ ಇಟ್ಟುಕೊಂಡು ಮನುಷ್ಯ ಎಷ್ಟು ದಿನ ಬಾಳಿಯಾನು? ಪ್ರತಿ ಸೋಮವಾರ ಗಿಟಾರನ್ನು ಇಳಿಸಿ, ಒರೆಸಿ, ಮೊದಲಿನಂತೆಯೇ ತಗುಲಿಸುತ್ತಿದ್ದ. ಅವನ ಅಂಗಡಿಯಲ್ಲಿ ಗೂಟದ ಮೇಲಿಟ್ಟ ವಸ್ತು ಇಟ್ಟ ಹಾಗೇ ಇರುತ್ತದೆ ಎಂಬುದಕ್ಕೆ ಆ ಬೀದಿಯಲ್ಲಿ ಎರಡು ಮಾತಿಲ್ಲ. ಒಮ್ಮೆ ಯಾರೋ ಮರೆತು ಹೋದ ಒದ್ದೆ ಛತ್ರಿಯನ್ನು, ಒದ್ದೆಯಾಗಿ ಕೊಟ್ಟಿದ್ದಲ್ಲವೇ ಎಂದು, ಅವರು ಬರುವವರೆಗೆ ನೀರು ಚಿಮುಕಿಸಿ ಒದ್ದೆಯಾಗಿಯೇ ಇಟ್ಟಿದ್ದನೆಂದು ಜನ ಹೇಳುತ್ತಾರೆ. ಇದನ್ನು ನಾನು ನಂಬುವುದಿಲ್ಲ. ಛತ್ರಿ ನನ್ನದಾಗಿದ್ದರೆ ನಂಬುತ್ತಿದ್ದೆನೋ ಏನೋ.

ಪ್ರತಿ ಬುಧವಾರ ಗಡ್ಡಕ್ಕೆ ಬರುತ್ತಿದ್ದ ಗಿಟಾರ್ ಮೇಷ್ಟ್ರು ವಿಷಯ ಕೇಳಿ, ಕುರ್ಚಿಯಲ್ಲಿ ಕೂತಲ್ಲಿಂದಲೇ ತೀರ್ಪು ಕೊಟ್ಟರು.

"ನೀನು ಎಡಗೈಯವನು. ಇದು ಬಲಗೈಯವರ ಗಿಟಾರು. ತಂತಿ ಬಿಚ್ಚಿ ಹಿಂದು ಮುಂದು ಮಾಡಿ ಹಾಕೋಣ. ದಪ್ಪದ್ದಿರೋ ಕಡೆ ಸಣ್ಣದು, ಸಣ್ಣದಿರೋ ಕಡೆ ದಪ್ಪದು. ಅರ್ಧ ಗಂಟೆ ಕೆಲಸ."

"ಆಗಲ್ಲ ಮೇಷ್ಟ್ರೇ. ಅದು ಗಿರಾಕಿ ಸಾಮಾನು."

"ಹನ್ನೊಂದು ವರ್ಷ ಆಯ್ತಲ್ಲೋ ಮಾರಾಯ."

"ಅರ್ಧ ಗಡ್ಡ ಬಾಕಿ ಇದೆ. ನಾಳೆನೇ ಬಂದ್ರೆ? ತಂತಿ ಉಲ್ಟಾ ಆಗಿರೋದು ನೋಡಿದ್ರೆ? ನಾನು ಯಾವ ಮುಖ ತೋರಿಸ್ಲಿ?"

"ಅವನೇ ಅರ್ಧ ಮುಖ ತೋರಿಸಿ ಹೋಗಿದ್ದಾನೆ, ನೀನೂ ಅಷ್ಟೇ ತೋರಿಸು. ಅಲ್ಲ, ನುಡಿಸಬಹುದು, ತಂತಿ ತಿರುಗಿಸಬಾರದಾ? ಇದ್ಯಾವ ನ್ಯಾಯ?"

"ಕುದುರೆ ಬಿಟ್ಟು ಹೋದ್ರೆ ದಿನಾ ಓಡಾಡಿಸ್ತಾ ಇರಬೇಕು ಮೇಷ್ಟ್ರೇ. ಕಾಲು ಬಿಚ್ಚಿ ಹಿಂದುಮುಂದು ಜೋಡಿಸಬಾರದು."

ಮೇಷ್ಟ್ರ ಬಳಿ ಇದ್ದ ಗಿಟಾರುಗಳೆಲ್ಲವೂ ಬಲಗೈಯವೇ. ಹೀಗಾಗಿ ಎಡಗೈಯಣ್ಣ ಬಲಗೈಯವನಾಗಿ ಕಲಿಯುವುದೆಂದು ತೀರ್ಮಾನವಾಯಿತು.

ಬಲಗೈಯವನಾಗಲು ಅವನು ಹಿಂದೆಯೂ ಒಮ್ಮೆ ಪ್ರಯತ್ನಿಸಿದ್ದ. ಕ್ಷೌರಿಕನೇ ಆಗಿದ್ದ ಅವನಪ್ಪ, ಮಗನ ಹದಿನಾಲ್ಕನೇ ವಯಸ್ಸಿನಲ್ಲಿ, ಅವನ ಬಲಗೈಗೆ ಕತ್ತರಿ ಕೊಟ್ಟಾಗ, ಮೊದಲ ಗಿರಾಕಿಯ ಒಂದು ಹುಬ್ಬು ಪೂರಾ ಹೋಯಿತು. ಆ ಹುಬ್ಬು ಮತ್ತೆ ಬರಲೇ ಇಲ್ಲವಂತೆ. ಆತ ಜೀವನವಿಡೀ ಅರ್ಧ ಮುಖದಲ್ಲಿ ಮಾತ್ರ ಸಿಟ್ಟಾಗಬಲ್ಲವನಾಗಿದ್ದ. ಆಮೇಲೆ ಅಪ್ಪನೇ ಸೋತು ಕತ್ತರಿಯನ್ನು ಎಡಗೈಗೆ ಸಾಣೆ ಹಿಡಿಸಿ ಕೊಟ್ಟ. ಅಂದಿನಿಂದ ಎಡಗೈ ಕತ್ತರಿಯದು, ಬಲಗೈ ಬಾಚಣಿಗೆಯದು.

ಗಿಟಾರು ಮಡಿಲಿಗೆ ಬಂದಾಗ ಒಂದು ವಿಚಿತ್ರ ನಡೆಯಿತು. ತಂತಿ ಒತ್ತುವುದು ಎಡಗೈ ಕೆಲಸ. ಅವನ ಎಡಗೈ ಬೆರಳುಗಳು ಮೊದಲ ವಾರದಲ್ಲೇ ಆ ಕಟ್ಟಿಗೆಯ ಕುತ್ತಿಗೆಯ ಮೇಲೆ ಹುಟ್ಟಿ ಬೆಳೆದವರಂತೆ ಓಡಾಡಿದವು. ಮೇಷ್ಟ್ರು ಬೆರಗಾದರು. ತೊಂದರೆಯಿದ್ದದ್ದು ಮೀಟುವ ಬಲಗೈಯದು. ಅದು ತಂತಿಯ ಮೇಲೆ ಚಾಪೆಯ ಧೂಳು ಕೊಡವಿದ ಹಾಗೆ ಬೀಳುತ್ತಿತ್ತು.

"ಒದ್ದೆ ಕೂದಲು ಬಾಚ್ತಾ ಇದ್ದೀಯ ಅಂದ್ಕೋ" ಎಂದರು ಮೇಷ್ಟ್ರು.

ಎಡಗೈಯಣ್ಣ ಹಳೆಯ ಬಾಚಣಿಗೆಯ ಹಿಂಬದಿಯನ್ನು ಉಗುರಿನಷ್ಟು ತುಂಡು ಮಾಡಿ ಬೆರಳಲ್ಲಿ ಹಿಡಿದ. ಆರು ಎಳೆ ಕೂದಲು. ಸಿಕ್ಕಿಲ್ಲದ ಹಾಗೆ, ನೋವಾಗದ ಹಾಗೆ. ಗಿಟಾರು ಮೊದಲ ಬಾರಿಗೆ ಮನುಷ್ಯರ ಧ್ವನಿಯಲ್ಲಿ ಮಾತಾಡಿತು.

ಗಿರಾಕಿಯ ಸಾಮಾನನ್ನು ಅಂಗಡಿ ದಾಟಿಸುವಂತಿರಲಿಲ್ಲವಾದ್ದರಿಂದ ಕಲಿಕೆಯೆಲ್ಲ ಅಲ್ಲೇ. ಮಧ್ಯಾಹ್ನದ ಮೇಲೆ ಬೀದಿ ತೂಕಡಿಸುವಾಗ ಅವನು ಕುರ್ಚಿಯ ಹಿಂದೆ ಸ್ಟೂಲಿನ ಮೇಲೆ ಕೂತು ನುಡಿಸುತ್ತಿದ್ದ. ಪಟಿಕ, ಪೌಡರಿನ ವಾಸನೆ. ನೆಲದ ಮೇಲೆ ಇನ್ನೂ ಗುಡಿಸದ ಕೂದಲು, ಕಪ್ಪು, ಬಿಳಿ, ಒಂದಿಷ್ಟು ಕೆಂಪು. ಎದುರಿಗೊಂದು ದೊಡ್ಡ ಕನ್ನಡಿ, ಬೆನ್ನಿಗೊಂದು ದೊಡ್ಡ ಕನ್ನಡಿ. ತಲೆಯೆತ್ತಿದರೆ ಕನ್ನಡಿಯೊಳಗೆ ಅವನೇ ಕೂತಿದ್ದ, ಆದರೆ ಬೇರೆ ರೀತಿ ಕೂತಿದ್ದ: ಆ ಮನುಷ್ಯ ಬಲಗೈಯಲ್ಲಿ ತಂತಿ ಒತ್ತಿ ಎಡಗೈಯಲ್ಲಿ ಮೀಟುತ್ತಿದ್ದ. ಎಡಗೈಯವನು ಹೇಗೆ ನುಡಿಸಬೇಕೋ ಹಾಗೆ. ಅವನ ಹಿಂದೆ ಇನ್ನೊಬ್ಬ, ಅವನ ಹಿಂದೆ ಮತ್ತೊಬ್ಬ, ಒಬ್ಬ ಬಿಟ್ಟು ಒಬ್ಬ ಎಡಚ, ದೂರ ಹೋದಂತೆ ಹಸಿರಾಗುತ್ತ, ಸಣ್ಣಗಾಗುತ್ತ, ಕೊನೆಗೆ ಒಂದು ಭತ್ತದ ಕಾಳಿನಷ್ಟು ಕ್ಷೌರಿಕ ಭತ್ತದ ಕಾಳಿನಷ್ಟು ಗಿಟಾರು ಹಿಡಿದು ಕೂತಿದ್ದ. ಎಡಗೈಯಣ್ಣನಿಗೆ ಅನ್ನಿಸುತ್ತಿತ್ತು, ನಿಜವಾಗಿ ನುಡಿಸುತ್ತಿರುವವನು ಆ ಕಾಳಿನಷ್ಟಿರುವವನು. ಅವನಿಂದ ಇವನು, ಇವನಿಂದ ಆಚೆಯವನು, ಹೀಗೆ ಸಾಲಾಗಿ ದಾಟಿಸಿಕೊಂಡು ಬಂದ ರಾಗವನ್ನು ತಾನು ಕೊನೆಯಲ್ಲಿ ನಿಂತು ಬೀದಿಗೆ ಬಿಡುತ್ತಿದ್ದೇನೆ, ಅಷ್ಟೇ. ಕೆಲವೊಮ್ಮೆ ಆ ಸಾಲಿನ ನಡುವೆಲ್ಲೋ ಅರ್ಧ ಗಡ್ಡದ ಯುವಕ ನೊರೆ ಹಚ್ಚಿಕೊಂಡು ನಿಂತು ಕೇಳಿದ ಹಾಗೆಯೂ ಆಗುತ್ತಿತ್ತು. ತಿರುಗಿ ನೋಡಿದರೆ ಬಾಗಿಲಲ್ಲಿ ಬಿಸಿಲು ಮಾತ್ರ.

ಬುಧವಾರ ಮೇಷ್ಟ್ರು ಕುರ್ಚಿಯಲ್ಲಿ ಕೂತು, ನೊರೆಯಲ್ಲಿ ಗಡ್ಡ ನೆನೆಯುವವರೆಗೆ ಕನ್ನಡಿಯಲ್ಲಿ ನೋಡುತ್ತಲೇ ತಿದ್ದುತ್ತಿದ್ದರು. "ನಡುಬೆರಳು ಸ್ವಲ್ಪ ಕೆಳಗೆ. ಹಾಂ." ಎಂಟು ಬುಧವಾರ ಅವರು ಶಿಷ್ಯನನ್ನು ನೇರವಾಗಿ ನೋಡಿದ್ದೇ ಇಲ್ಲ. ಶಿಷ್ಯನೂ ತನ್ನ ಕೈಯನ್ನು ನೇರವಾಗಿ ನೋಡಿಕೊಂಡದ್ದಿಲ್ಲ. ನಲವತ್ತು ವರ್ಷ ಊರಿನ ತಲೆಗಳನ್ನೆಲ್ಲ ಕನ್ನಡಿಯಲ್ಲೇ ನೋಡಿ ಕತ್ತರಿಸಿದವನಿಗೆ ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಎಂಟನೇ ವಾರ ಹೂಂಹೂಂ ಹಾಡು ಮೊದಲಿನಿಂದ ಕೊನೆಯವರೆಗೆ ಬಂತು. ಮೂರನೇ ಸಾಲಲ್ಲಿ ಒಂದು ಸ್ವರ ಮಾತ್ರ ಪ್ರತಿ ಸಲವೂ ಜಾರುತ್ತಿತ್ತು.

"ಜಾರಲಿ ಬಿಡಿ" ಎಂದಳು ಹೆಂಡತಿ, ಊಟದ ಡಬ್ಬಿ ತಂದವಳು. "ನೀವು ಹಾಡುವಾಗ್ಲೂ ಅಲ್ಲೇ ಜಾರ್ತಿತ್ತು. ಸರಿ ಮಾಡಿದ್ರೆ ಅವಳಿಗೆ ಗುರುತು ಸಿಗಲ್ಲ."

ಮದುವೆಯ ದಿನ ಬೆಳಿಗ್ಗೆ ಅಳಿಯನಿಗೆ ತಾನೇ ಕಟಿಂಗ್ ಮಾಡಿ, ಸಲಕರಣೆಯ ಚೀಲವನ್ನು ಹೆಗಲಿಗೆ ಹಾಕಿ, ಎಡಗೈಯಣ್ಣ ಗಿಟಾರನ್ನು ಮೊದಲ ಸಲ ಅಂಗಡಿಯಿಂದ ಹೊರಗೆ ತಂದ. ಬಾಗಿಲಿಗೆ ಒಂದು ಚೀಟಿ ಅಂಟಿಸಿದ: "ಗಿಟಾರು ಮದುವೆಗೆ ಹೋಗಿದೆ. ಸಂಜೆ ಬರುತ್ತದೆ. ಉಳಿದರ್ಧಕ್ಕೆ ದಯವಿಟ್ಟು ಕಾಯಿರಿ."

ಮದುವೆ ಹಾಲ್‌ನಲ್ಲಿ ನೂರು ಕುರ್ಚಿ, ಸುಣ್ಣ ಬಳಿದ ನಾಲ್ಕು ಗೋಡೆ. ಮದುವೆ ರಿಜಿಸ್ಟರಿಗೆ ಸಹಿ ಹಾಕುವುದು ಮುಗಿದು, ತಿಂಡಿಯೂ ಮುಗಿದು, ಬೀಗರ ತಮ್ಮ ಹಾಡಿದ. ಅವರು ಹೇಳಿದ್ದು ಸುಳ್ಳಲ್ಲ. ಗಂಟಲು ಅಂದರೆ ಗಂಟಲೇ. ಮೇಜಿನ ಮೇಲಿದ್ದ ಚಹಾ ಲೋಟಗಳು ತಾವಾಗಿಯೇ ಒಂದು ಗೇಣು ಸರಿದು ನಿಂತವು.

ಆಮೇಲೆ ಎಡಗೈಯಣ್ಣ ವೇದಿಕೆ ಹತ್ತಿ ಸ್ಟೂಲಿನ ಮೇಲೆ ಕೂತ. ಅಭ್ಯಾಸದಂತೆ ತಲೆಯೆತ್ತಿದ. ಎದುರಿಗೆ ಸುಣ್ಣದ ಗೋಡೆ. ಅದರೊಳಗೆ ಯಾರೂ ಇರಲಿಲ್ಲ. ಬಗ್ಗಿ ಕೈ ನೋಡಿಕೊಂಡ. ಗಿಟಾರಿನ ಮೇಲಿದ್ದದ್ದು ಯಾರದೋ ಕೈ. ಎಲ್ಲ ಬೆರಳುಗಳೂ ತಪ್ಪು ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಮೀಟಿದ. ಮೊದಲ ದಿನದ ಚಾಪೆಯ ಸದ್ದು ಬಂತು. ಕಣ್ಣು ಮುಚ್ಚಿದ, ಕತ್ತಲೆಯಲ್ಲೂ ಕನ್ನಡಿಯಿರಲಿಲ್ಲ. ಜನ ಕೆಮ್ಮತೊಡಗಿದರು. ಹಿಂದಿನ ಸಾಲಲ್ಲಿ ಮೇಷ್ಟ್ರು, ಶಿಷ್ಯನನ್ನು ಮೊಟ್ಟಮೊದಲ ಸಲ ನೇರವಾಗಿ ನೋಡುತ್ತಿದ್ದವರು, ನಡೆದದ್ದೇನೆಂದು ಹೊಳೆದು ಹಣೆ ಹಿಡಿದುಕೊಂಡರು. ಇವತ್ತು ನುಡಿಸದಿದ್ದರೆ ಇನ್ನು ಯಾವತ್ತೂ ಇಲ್ಲ, ಸಂಜೆಯ ರೈಲು ಯಾರನ್ನೂ ಕಾಯುವುದಿಲ್ಲ, ಎಂದು ಎಡಗೈಯಣ್ಣನಿಗೆ ಗೊತ್ತಿತ್ತು. ಗೊತ್ತಿದ್ದಷ್ಟೂ ಬೆರಳು ಗಟ್ಟಿಯಾದವು.

ಮದುಮಗಳು ಎದ್ದಳು. ವೇದಿಕೆಗೆ ಬಂದು, ಅಪ್ಪನ ಚೀಲದಲ್ಲಿ ಕೈಯಾಡಿಸಿ, ಪುಟ್ಟ ಕೈಗನ್ನಡಿಯನ್ನು ತೆಗೆದಳು. ಒಂದು ಕುರ್ಚಿ ಎಳೆದು ಅವನ ಮುಂದೆ, ಅವನಿಗೆ ಬೆನ್ನು ಮಾಡಿ ಕೂತಳು. ಮುಡಿಗೆ ಸಿಕ್ಕಿಸಿದ್ದ ಪಿನ್ನು ತೆಗೆದು ಕೂದಲು ಬಿಟ್ಟಳು. ಕನ್ನಡಿಯನ್ನು ಮುಖದ ಮುಂದೆ ಎತ್ತಿ ಹಿಡಿದು, ಗಿರಾಕಿಗಳ ಧ್ವನಿಯಲ್ಲಿ ಹೇಳಿದಳು:

"ತುದಿ ಮಾತ್ರ ಸ್ವಲ್ಪ ತೆಗೀರಿ. ಕಿವಿ ಹತ್ರ ಜಾಸ್ತಿ ಬೇಡ."

ಅಂಗೈಯಗಲದ ಕನ್ನಡಿಯಲ್ಲಿ ಮಗಳ ಒಂದು ಕಣ್ಣು, ಅವಳ ಭುಜದಾಚೆ ಅವನು, ಎಡಗೈಯವರಂತೆ ಗಿಟಾರು ಹಿಡಿದು ಕೂತವನು. ಬಂದೆಯಾ ಎಂದು ಎಡಗೈಯಣ್ಣನೂ ಕನ್ನಡಿಯವನೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬಾಚಣಿಗೆಯ ತುಂಡು ಆರು ಎಳೆಗಳ ಮೇಲೆ ಇಳಿಯಿತು.

ಹಾಡು ಹಾಲ್ ತುಂಬ ಮೆಲ್ಲಗೆ ಹರಡಿತು, ನೆಲದ ಮೇಲೆ ಕೂದಲು ಬೀಳುವಷ್ಟೇ ಸದ್ದಿನಲ್ಲಿ. ನೂರು ಜನರೂ, ಆಮೇಲೆ ಹೇಳಿದ ಪ್ರಕಾರ, ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿದ ಹಾಗಾಗಿ ತಲೆ ಸ್ವಲ್ಪ ತಗ್ಗಿಸಿ ಕೂತರು. ಎರಡನೇ ಸಾಲಿನ ಹೊತ್ತಿಗೆ ಮಗಳ ಕೈಯ ಕನ್ನಡಿ ವಾಲತೊಡಗಿತು. ಕನ್ನಡಿಯಲ್ಲಿ ಫ್ಯಾನು ಬಂತು, ಕಿಟಕಿ ಬಂತು, ಒಂದು ತುಂಡು ಆಕಾಶ ಬಂತು. ಆಮೇಲೆ ಕನ್ನಡಿಯೇ ಅವಳ ಮಡಿಲಿಗೆ ಇಳಿಯಿತು. ಎಡಗೈಯಣ್ಣ ಆ ಆಕಾಶ ಕಂಡಿದ್ದ ಕಡೆಗೇ ನೋಡುತ್ತ ನುಡಿಸಿಯೇ ನುಡಿಸಿದ. ಮೂರನೇ ಸಾಲಲ್ಲಿ ಸ್ವರ ಜಾರಬೇಕಾದಲ್ಲಿ ಜಾರಿತು. ಮಗಳು ಅಲ್ಲಿ ನಕ್ಕಳು, ಅತ್ತಳು. ಯಾವುದು ಮೊದಲು ಎಂಬುದರ ಬಗ್ಗೆ ಎರಡೂ ಕಡೆಯವರಲ್ಲಿ ಇನ್ನೂ ಭಿನ್ನಾಭಿಪ್ರಾಯವಿದೆ.

ಕೆಳಗಿಳಿದಾಗ ಬೇಕರಿಯ ಬೀಗರು ಚಹಾ ಲೋಟ ಹಿಡಿದು ಕಾಯುತ್ತಿದ್ದರು. ಕಣ್ಣು ಅವರದೂ ಒದ್ದೆ, ಆದರೂ ಬಾಯಿ ಬಿಡಬೇಕಲ್ಲ.

"ಚೆನ್ನಾಗಿ ನುಡಿಸಿದ್ರಿ, ಇಲ್ಲ ಅನ್ನಲ್ಲ. ಆದ್ರೆ ಕಣ್ಣು ಮುಚ್ಚಿಕೊಂಡು ನುಡಿಸ್ತೀನಿ ಅಂದೋರಿಗೆ ಕನ್ನಡಿ ಯಾಕೆ ಬೇಕಾಯ್ತು?"

ಎಡಗೈಯಣ್ಣ ಗಿಟಾರಿನ ಮೇಲಿದ್ದ ಬೆರಳಿನ ಗುರುತನ್ನು ಅಂಗಿಯ ತುದಿಯಿಂದ ಒರೆಸಿ, ಮಗಳ ಕೈಯಲ್ಲಿ ಉಳಿದ ಕನ್ನಡಿಯ ಕಡೆ ನೋಡಿದ.

"ಅದು ನನಗಲ್ಲ ಬೀಗರೇ, ಅವಳಿಗೆ. ಕೈಗೆ ಕನ್ನಡಿ ಕೊಡದಿದ್ರೆ ಒಂದು ಕಡೆ ಕೂರೋ ಹುಡುಗಿಯಲ್ಲ. ಅವಳ ಜೊತೆ ಅದನ್ನೂ ತಗೊಂಡು ಹೋಗಿ. ಹೂಂಹೂಂ ಅನ್ನೋ ಕೆಲಸ ಮಾತ್ರ ನಿಮ್ಮ ತಮ್ಮನಿಗೆ ಕೊಡಬೇಡಿ, ಮೂರು ಬೀದಿ ನಾಯಿ ಎದ್ದು ನಿಲ್ತಾವೆ."