‘ಬಾಯಿ ಬೇಕು’ ಎಂದ ಶಾಮೂ ಕಾಕಾ

ಶಾಮೂ ಕಾಕಾ ಗುಟ್ಟು ಹೇಳಿದರೂ ಅಥಣಿ ಬಸ್‌ಸ್ಟ್ಯಾಂಡಿನ ಆ ತುದಿಗೆ ಕೇಳುತ್ತಿತ್ತು. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿ ನಿವೃತ್ತರಾದ ಮನುಷ್ಯ. ಸೀಟಿ ಊದಿದವರೇ ಅಲ್ಲವಂತೆ. ಅವರು ‘ರೈಟ್’ ಎಂದರೆ ಅವರ ಬಸ್ಸಷ್ಟೇ ಅಲ್ಲ, ಪಕ್ಕದಲ್ಲಿ ನಿಂತ ಮಿರಜದ ಬಸ್ಸೂ ಹೊರಟುಬಿಡುತ್ತಿತ್ತು ಎಂದು ಹಳೆಯ ಡ್ರೈವರುಗಳು ಚೇಷ್ಟೆ ಮಾಡುತ್ತಿದ್ದರು. ಇಂಥ ಗಂಟಲಿನವರು ನಿವೃತ್ತಿಯ ನಂತರ ಕೈಹಾಕಿದ್ದು ಕಿವಿ ಕೇಳದ ಮಕ್ಕಳ ಶಾಲೆಗೆ.

ಶಾಲೆ ಎನ್ನುವುದು ದೊಡ್ಡ ಮಾತಾಯಿತು. ಐನಾಪುರದಲ್ಲಿ ಅವರ ಓಣಿಯ ಬುದ್ಧ ವಿಹಾರದ ಹಿಂದೆ ಒಂದು ಖೋಲಿ, ಎರಡು ಜಮಖಾನೆ, ಒಂದು ಕರಿಹಲಗೆ, ಸುತ್ತಲಿನ ಹಳ್ಳಿಗಳಿಂದ ಬರುವ ಕೆಲವು ಮಕ್ಕಳು. ಎಲ್ಲಕ್ಕೂ ಕಾರಣ ಮೊಮ್ಮಗಳು ಕಸ್ತೂರಿ. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳದು. ದೂರದ ವಸತಿ ಶಾಲೆಗೆ ಬಿಟ್ಟುಬಂದರೆ ಉಣ್ಣದೆ, ಮಲಗದೆ ಜ್ವರ ಹಿಡಿಸಿಕೊಂಡಳು. ಕಾಕಾ ಹೋಗಿ ಹೊತ್ತುಕೊಂಡು ಬಂದರು. ‘ಆಕಿ ಶಾಲಿಗೆ ಹೋಗದಿದ್ರ ಶಾಲಿನ ಆಕಿ ಕಡೆ ಬರಲಿ’ ಎಂದು ಸಂಸ್ಥೆ ಕಟ್ಟಿ ನೋಂದಣಿಯನ್ನೂ ಮಾಡಿಸಿದರು. ಆದರೆ ಆ ಮಕ್ಕಳ ಭಾಷೆ ಬಲ್ಲ ಶಿಕ್ಷಕಿ ಮಾತ್ರ ಸಿಗಲಿಲ್ಲ. ಚಿಕ್ಕೋಡಿಯಿಂದ ಬಂದ ಒಬ್ಬಾಕೆ ಒಂದೇ ವಾರಕ್ಕೆ ಕೈಚೆಲ್ಲಿ ಹೋದರು. ಪಾಲಕರೂ ಗೊಣಗತೊಡಗಿದ್ದರು.

ಅಥಣಿ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಸೈಬರ್ ಕೆಫೆ ಇತ್ತು. ಇಂಟರ್ನೆಟ್ಟು ಇನ್ನೂ ಎಲ್ಲರ ಕಿಸೆಗೆ ಬಂದಿರಲಿಲ್ಲ. ಕಾಕಾ ಒಳಗೆ ಬಂದರೆ ಪ್ಲೈವುಡ್ಡಿನ ಗೂಡುಗಳಿಂದ ಎಲ್ಲ ತಲೆಗಳೂ ಒಮ್ಮೆಲೇ ಮೇಲೇಳುತ್ತಿದ್ದವು.

“ತಮ್ಮಾ, ಪಗಾರಿಲ್ಲದ ದುಡಿಯೂ ಮಂದಿ ಕಂಪ್ಯೂಟರಿನಾಗ ಸಿಗತಾರಂತಲ್ಲೋ. ತಗಿ, ನೋಡೂಣು.”

“ಸಿಗತಾರ್ರಿ ಕಾಕಾ. ಆದ್ರ ನಮ್ಮ ಐನಾಪುರಕ್ಕ ಯಾರ ಬರತಾರ್ರಿ?”

“ನನ್ನ ಕೇಳಬ್ಯಾಡ, ಅದನ್ನ ಕೇಳು,” ಎಂದು ಕಂಪ್ಯೂಟರಿನತ್ತ ಬೆರಳು ಮಾಡಿದರು. ಆಮೇಲೆ ಅವರ ಮಟ್ಟಿಗೆ ಮೆಲ್ಲಗೆ ಹೇಳಿದರು: “ಕಸ್ತೂರಿ ಅಳತಾಳ, ಯಾಕ ಅಳತಾಳ ಗೊತ್ತಾಗಂಗಿಲ್ಲ. ನಗತಾಳ, ಅದೂ ಗೊತ್ತಾಗಂಗಿಲ್ಲ. ಆಕಿ ಮನಸಿನಾಗ ಏನೈತಿ ಅನ್ನೂದು ಒಮ್ಮೆ ತಿಳಕೊಂಡ ಸಾಯಬೇಕ ನೋಡ ನಾ.” ಗೂಡುಗಳಲ್ಲಿ ಯಾರೂ ನಗಲಿಲ್ಲ.

ಸೇವೆ ಮಾಡಬೇಕೆನ್ನುವವರನ್ನೂ ಸೇವೆ ಬೇಕಾದವರನ್ನೂ ಗಂಟುಹಾಕುವ ಒಂದು ಜಾಲತಾಣ ಸಿಕ್ಕಿತು, ವಧೂವರರ ಕೇಂದ್ರ ಇದ್ದ ಹಾಗೆ. ಹೆಸರು, ಊರು ತುಂಬಿ ಮುಂದಿನ ಸಾಲಿಗೆ ಬಂದೆ.

“ಸಂಸ್ಥೆದ ಮಿಷನ್ ಏನಂತ ಕೇಳ್ಯಾರ ನೋಡ್ರಿ ಕಾಕಾ.”

“ಹೊಲಿಗಿ ಮಿಷನ್ ಒಂದೈತಿ, ಸೊಸಿದು. ಬರಿ. ಆಕಿ ಹೋದಮ್ಯಾಲ ಯಾರೂ ತುಳದಿಲ್ಲ, ಆದ್ರ ನಡೀತೈತಿ.”

ಸೊಸೆ ಎಂದರೆ ಕಸ್ತೂರಿಯ ತಾಯಿ. ಹುಡುಗಿ ನಾಲ್ಕು ವರ್ಷದವಳಿದ್ದಾಗ ಮಿರಜದ ದವಾಖಾನೆಯಲ್ಲಿ ತೀರಿಕೊಂಡಿದ್ದಳು. ಬರುತ್ತಿದ್ದ ನಗುವನ್ನು ನುಂಗಿಕೊಂಡು ಆ ಜಾಗದಲ್ಲಿ ‘ಕಿವುಡ ಮಕ್ಕಳ ಶಿಕ್ಷಣ’ ಎಂದು ಬರೆದೆ. ಕಡೆಗೆ, ಯಾರು ಬೇಕಾಗಿದ್ದಾರೆ ಎಂಬ ಪ್ರಶ್ನೆ. ಕಾಕಾ ಎದ್ದು ನಿಂತು, ಟಿಕೆಟ್ ಕೊಡುವವರ ಗತ್ತಿನಲ್ಲಿ ಅತ್ತಿಂದಿತ್ತ ಓಡಾಡುತ್ತ ಹೇಳಿದರು. ನಾನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಟೈಪು ಮಾಡಿದೆ: ‘ನಮ್ಮ ಮಕ್ಕಳಿಗೆ ಕಿವಿ ಕೇಳುವುದಿಲ್ಲ. ಬಾಯಿ ಬೇಕು. ಊಟ ಹಾಕುತ್ತೇವೆ. ಇರಲು ಖೋಲಿ ಇದೆ.’ ಇಬ್ಬರಿಗೂ ಬಹಳ ಸಮಾಧಾನವಾಯಿತು.

ಉತ್ತರಗಳೇನೋ ಬಂದವು. ಒಬ್ಬ ಹುಡುಗ ಶನಿವಾರ ಎರಡು ತಾಸು ಬಿಡುವಿದೆ, ಮೆಟ್ರೋ ಇಳಿದು ಎಷ್ಟು ದೂರ ಎಂದು ಕೇಳಿದ. ಇನ್ನೊಬ್ಬಾಕೆ ಸಸಿ ನೆಡಲು ಸಿದ್ಧವಿದ್ದಳು. ಮತ್ತೊಬ್ಬನಿಗೆ ಮೊದಲು ಪ್ರಮಾಣಪತ್ರ ಬೇಕಿತ್ತು, ಬರುವ ಮಾತು ಆಮೇಲೆ. ನನಗೆ ಸಿಟ್ಟು ಬರುತ್ತಿತ್ತು, ಕಾಕಾಗೆ ಬರುತ್ತಿರಲಿಲ್ಲ. “ಹತ್ತಿದವರೆಲ್ಲ ಕೊನಿ ಸ್ಟಾಪಿನತನಕ ಬರತಾರೇನೋ? ನಡುವ ಇಳಿಯವರೂ ಮಂದೀನ,” ಎನ್ನುತ್ತಿದ್ದರು. ಪ್ರತಿಯೊಬ್ಬರಿಗೂ ‘ನಮ್ಮ ಕಡೆ ಬಂದರೆ ಊಟಕ್ಕೆ ಬನ್ನಿ’ ಎಂದು ಬರೆಸುತ್ತಿದ್ದರು. ಅಥಣಿಗೆ ಬಂದಾಗಲೆಲ್ಲ ಅಂಗಡಿಗೆ ಬಂದು, “ಬಂತೇನೋ?” ಎಂದು ಕೇಳುವುದು, ಇಲ್ಲವೆಂದರೆ ಚಹಾ ಕುಡಿದು ಹೋಗುವುದು, ಹೀಗೆಯೇ ನಡೆಯಿತು.

ಒಂದು ದಿನ ಶುದ್ಧ ಕನ್ನಡದಲ್ಲಿ ಬೈಗುಳ ಬಂತು. ಮೈಸೂರಿನ ಕಡೆಯಿಂದ ಸುನಂದಾ ಎಂಬುವರು ಬರೆದಿದ್ದರು. ನಾನು ಓದಿ ಹೇಳಿದೆ: ‘ಕಿವುಡ ಮಕ್ಕಳಿಗೆ ಬಾಯಿ ಬೇಕು ಎಂದು ಬರೆಯಲು ನಿಮಗೆ ನಾಚಿಕೆಯಾಗಲಿಲ್ಲವೇ? ಅವರಿಗೆ ಕೈಗಳಿವೆ, ಕಣ್ಣುಗಳಿವೆ. ಬಾಯಿ ಬೇಡವೇ ಬೇಡ. ಇಂಥ ಮಾತಿನಿಂದಲೇ ನೀವೆಲ್ಲ ಆ ಮಕ್ಕಳನ್ನು ಹಾಳು ಮಾಡುತ್ತೀರಿ.’

ಕಾಕಾ ತಲೆ ಕೆರೆದುಕೊಂಡರು. “ಬಾಯಿ ಬ್ಯಾಡ ಅಂದ್ರ? ಗಂಡ ಮಾಸ್ತರನ್ನ ಕಳಸತಾಳೇನು?”

ಆಗ ನನಗೆ ಹೊಳೆಯಿತು. ನಮ್ಮ ಗಡಿ ಸೀಮೆಯಲ್ಲಿ ಮರಾಠಿ ಶಾಲೆಯ ರೂಢಿಯಿಂದ ಬಂದ ‘ಬಾಯಿ’ ಎಂದರೆ ಕಲಿಸುವ ಹೆಣ್ಣುಮಗಳು. ಹುಟ್ಟಿದಾಗಿನಿಂದ ಕೇಳಿದ ನಮಗೆ ಅದರಲ್ಲಿ ಬೇರೆ ಅರ್ಥವೇ ಕಂಡಿರಲಿಲ್ಲ. ಮೈಸೂರಿನವರಿಗೆ ಬಾಯಿ ಎಂದರೆ ಮುಖದ ಮೇಲಿನ ಬಾಯಿ ಒಂದೇ. ಬಿಡಿಸಿ ಹೇಳಿದಾಗ ಕಾಕಾ ನಕ್ಕ ನಗೆಗೆ ಹೊರಗೆ ಚಹಾದಂಗಡಿಯವ ಓಡಿಬಂದ.

“ಬರಿ ತಮ್ಮಾ: ನಮ್ಮ ಕಡೆ ಬಾಯಿ ಅಂದ್ರ ಕಲಸೂ ಅಕ್ಕಾವ್ರು. ನಮ್ಮ ಮಕ್ಕಳ ಸಲುವಾಗಿ ಇಷ್ಟು ಬೈಯೂ ಬಾಯಿನ ನಮಗ ಬೇಕಾಗ್ಯಾರ. ಬರ್ರಿ. ಇಲ್ಲಿ ಬಂದ ಉಳದದ್ದ ಬೈರಿ.”

ಬರೆದದ್ದನ್ನು ಹಾಗೆಯೇ ಕಳಿಸಿದೆ, ಒಂದಕ್ಷರ ತಿದ್ದಲಿಲ್ಲ. ಮರುದಿನವೇ ಉತ್ತರ ಬಂತು: ‘ಒಂದು ತಿಂಗಳು ಬರುತ್ತೇನೆ. ನೋಡೋಣ.’ ಫೋನ್ ನಂಬರ್ ಕೇಳಿದರೆ, ‘ಏನಿದ್ದರೂ ಬರೆಯಿರಿ’ ಎಂದರು. “ಭಾಳ ಶಿಸ್ತಿನ ಬಾಯಿ,” ಎಂದು ಕಾಕಾ ಮೆಚ್ಚಿಕೊಂಡರು.

ಮೈಸೂರಿನ ಕನ್ನಡ ತಿಳಿಯದಿದ್ದರೆ ಇರಲಿ ಎಂದು ಕುಡಚಿ ಸ್ಟೇಷನ್ನಿಗೆ ನನ್ನನ್ನೂ ಕರೆದೊಯ್ದಿದ್ದರು. ರೈಲು ನಿಂತದ್ದೇ ತಡ, “ಸುನಂದಾ ಬಾಯೋರ!” ಎಂದು ಕೂಗಿದರು. ಇಳಿದವರು, ಹತ್ತುವವರು, ಕಿಟಕಿಯಲ್ಲಿ ಕೂತವರು, ಎಲ್ಲರೂ ತಿರುಗಿದರು. ನೀಲಿ ಚೂಡಿದಾರದ ಒಬ್ಬ ಹೆಣ್ಣುಮಗಳು ಮಾತ್ರ ನಮಗೆ ಬೆನ್ನುಹಾಕಿ ತನ್ನ ಚೀಲ ಎಣಿಸಿಕೊಳ್ಳುತ್ತಿದ್ದಳು. ಕಾಕಾ ಇನ್ನೊಮ್ಮೆ ಕೂಗಲು ಉಸಿರೆಳೆದುಕೊಂಡವರು ಅಲ್ಲಿಗೇ ನಿಲ್ಲಿಸಿದರು. ಸುತ್ತುಹಾಕಿಕೊಂಡು ಹೋಗಿ ಅವರ ಎದುರು ನಿಂತು ಕೈಮುಗಿದರು. ಅವರು ಕಾಕಾನ ಮುಖ ನೋಡಿ, ಚೀಲದಿಂದ ಕಾಗದ ತೆಗೆದು ಬರೆದರು: ‘ನನಗೂ ಕೇಳುವುದಿಲ್ಲ. ಮೊದಲೇ ಹೇಳಿದ್ದರೆ ಕರೆಸುತ್ತಿರಲಿಲ್ಲವೇನೋ.’ ನಾನು ಓದಿದೆ. ಕಾಕಾ ಚೀಲಗಳನ್ನು ಎರಡೂ ಹೆಗಲಿಗೆ ಏರಿಸಿ, “ಇಂಥವರನ್ನ ಹುಡಕಾಕತ್ತಿದ್ದೆ ಅಂತ ಬರದ ತೋರಸೋ,” ಎಂದರು.

ಒಂದು ತಿಂಗಳಿಗೆಂದು ಬಂದವರು ಉಳಿದುಬಿಟ್ಟರು. ಜಗಳಗಳೇನೂ ಕಡಿಮೆ ಆಗಲಿಲ್ಲ. ಕೈಭಾಷೆ ಮಾಡುವಾಗ ಕಾಕಾ ಜೊತೆಗೆ ಕೂಗುತ್ತಲೂ ಇರುತ್ತಿದ್ದರು. ಸುನಂದಾ ಅವರಿಗೆ ಅದು ಕೇಳುತ್ತಿರಲಿಲ್ಲವಾದರೂ, ಕೂಗುವ ಭರದಲ್ಲಿ ಕೈ ಎಲ್ಲೆಲ್ಲೋ ಹೋಗುತ್ತದೆ ಎಂದು ಕೈಯಲ್ಲೇ ಬೈಯುತ್ತಿದ್ದರು. ಟಿಕೆಟ್ ಹರಿದು ಹರಿದು ಮೊಂಡಾದ ಆ ಬೆರಳುಗಳು ಹೇಳಿದ ಹಾಗೆ ಕೇಳುತ್ತಿರಲಿಲ್ಲ. ‘ನೀರು ಕುಡಿ’ ಎನ್ನಹೋಗಿ ಬೇರೇನೋ ಆಗಿ ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕಿದ್ದನ್ನು ನಾನೇ ನೋಡಿದ್ದೇನೆ. ಹಿಂದಿನ ಸಾಲಿನಲ್ಲಿ ಜಮಖಾನೆಯ ಮೇಲೆ ಮಂಡಿಯೂರಿ ಕೂತು, ಮಕ್ಕಳ ಜೊತೆಗೇ ಅವರು ಎರಡು ವರ್ಷ ಕಲಿತರು. ಅಷ್ಟರಲ್ಲಿ ಕಸ್ತೂರಿ ಎಲ್ಲರನ್ನೂ ಹಿಂದೆ ಹಾಕಿದ್ದಳು. ಅವಳ ಕೈಯ ಓಟ ನೋಡಿದರೆ ಇಷ್ಟು ದಿನ ಇದೆಲ್ಲ ಎಲ್ಲಿ ಕೂಡಿಟ್ಟಿದ್ದಳಪ್ಪಾ ಎನ್ನಿಸುತ್ತಿತ್ತು.

ಕಾಕಾ ಹೋಗಿ ಈಗ ಕೆಲವು ವರ್ಷಗಳಾದವು. ಎದೆನೋವೆಂದು ಕೂತವರು ಮತ್ತೆ ಏಳಲಿಲ್ಲ. ಆ ದೊಡ್ಡ ಜೀವ ಇಲ್ಲದ ಬಸ್‌ಸ್ಟ್ಯಾಂಡು ನನಗಿನ್ನೂ ಒಗ್ಗಿಲ್ಲ. ತೀರಿಕೊಳ್ಳುವ ಸ್ವಲ್ಪ ಮೊದಲು ಒಂದು ಮಧ್ಯಾಹ್ನ ಅಂಗಡಿಗೆ ಬಂದಿದ್ದರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಚಹಾ ತರಿಸಿದೆ, ಮುಟ್ಟಲಿಲ್ಲ.

“ಕಸ್ತೂರಿ ನಿನ್ನೆ ಒಂದ ಮಾತ ಕೇಳಿದ್ಲೋ ತಮ್ಮಾ. ಅವ್ವ ಯಾವಾಗ ಬರತಾಳ ಅಂತ.”

ನಾನು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡೆ. ಕಾಕಾನೇ ಮುಂದುವರಿಸಿದರು.

“ಆಕಿ ಅವ್ವನ್ನ ಬಸ್ಸಿನಾಗ ಕೂಡಿಸಿ ಮಿರಜಕ್ಕ ಒಯ್ದಿದ್ವಿ. ಹೆಣ ಬಂದಾಗ ಇಕಿನ್ನ ಬ್ಯಾರೆ ಓಣ್ಯಾಗ ಬಿಟ್ಟಿದ್ವಿ, ಸಣ್ಣಾಕಿ, ನೋಡೂದ ಬ್ಯಾಡಂತ. ಅವ್ವ ಬಸ್ ಹತ್ತಿದ್ದಷ್ಟ ಕಂಡಾಳ ನೋಡು. ದಿನಾ ಸಂಜಿಕ ಬಸ್ ಬರೂ ಹೊತ್ತಿಗೆ ಬಾಗಿಲದಾಗ ನಿಂದರತಿದ್ಲು. ನಾ ಡ್ಯೂಟಿ ಮುಗಿಸಿ ಇಳೀತಿದ್ನಲ್ಲ, ಮೊಮ್ಮಗಳು ನನ್ನ ದಾರಿ ಕಾಯತಾಳಂತ ಊರ ತುಂಬ ಹೇಳಕೋತ ಅಡ್ಡಾಡೇನಿ. ನಾ ರಿಟಾಯರ್ ಆದಮ್ಯಾಲೂ ನಿಂದರತಿದ್ಲೋ. ಆವಾಗರೆ ತಿಳೀಬೇಕಿತ್ತಿಲ್ಲ ನನಗ?”

“ನೀವೇನ ಹೇಳಿದ್ರಿ ಕಾಕಾ?”

“ಬಾಯೋರು, ನಾ ಹೇಳಲೇನ ಅಂದ್ರು. ಬ್ಯಾಡ್ರಿ, ಇದು ಮನಿ ಮಾತು, ನಾನ ಹೇಳತೀನಿ ಅಂದೆ. ಸತ್ತಾಳ ಅನ್ನಾಕ ಕೈ ಹೆಂಗ ಮಾಡಬೇಕಂತ ಅವರ ಕಡೆನ ಕೇಳಿ ಕಲತೆ. ಆಕಿ ಮುಂದ ಕುಂತ ಮಾಡಿದೆ. ಈ ಬೆರಳ ಮಾತ ಕೇಳಲಿಲ್ಲ, ತಪ್ಪಾತು.”

“ಆಮ್ಯಾಲ?”

“ನನ್ನ ಎರಡೂ ಕೈ ಹಿಡಕೊಂಡ್ಲು. ಹಂಗಲ್ಲೋ ಮುತ್ಯಾ, ಹಿಂಗ ಅಂತ ತಿದ್ದಿದ್ಲು.”