ಒಂಬತ್ತು ದಿನದ ಸಂಸಾರ

ಮೃಗಾಲಯದ ಹಾವಿನ ಮನೆಯಲ್ಲಿ ಎಲ್ಲರೂ ಅವನನ್ನು ‘ಹಗ್ಗ’ ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ದಿನವೇ ಮೂಲೆಯಲ್ಲಿ ಸುತ್ತಿಟ್ಟಿದ್ದ ಹಗ್ಗವನ್ನು ಕಂಡು ಚೀರಿ, ನೀರಿನ ಬಕೆಟ್ಟಿನ ಮೇಲೆ ಬಿದ್ದ ಮಹಾನುಭಾವ ಅವನು. ಬೇರೆಲ್ಲೂ ಕೆಲಸ ಸಿಗದೆ ಇಲ್ಲಿಗೆ ಬಂದಿದ್ದ. ‘ಹೆದರುವವನ ಮೇಲೆ ಹಾವು ಎಸೆದ ಹಾಗಾಯ್ತು’ ಎಂದು ತನ್ನನ್ನು ತಾನೇ ಆಡಿಕೊಂಡು ನಗುತ್ತಿದ್ದ. ಮೂರು ವರ್ಷದಲ್ಲಿ ಹೆದರಿಕೆ ಹೋಯಿತು. ಅದು ಖಾಲಿ ಮಾಡಿದ ಜಾಗದಲ್ಲಿ ಸೋಮಾರಿತನ ಬಂದು ಕಾಲು ಚಾಚಿ ಕೂತಿತು.

ಆ ಚಳಿಗಾಲದಲ್ಲಿ ಏಳನೇ ಗೂಡಿನ ಶಾಖದ ಬಲ್ಬು ಸುಟ್ಟುಹೋಯಿತು. ಅಲ್ಲಿದ್ದದ್ದು ಹೊರದೇಶದ ಗಂಡು ಹೆಬ್ಬಾವು. ಯಾರೋ ಮನೆಯಲ್ಲಿ ಕದ್ದು ಸಾಕಿ ಸಿಕ್ಕಿಬಿದ್ದಾಗ ಇಲ್ಲಿಗೆ ಬಂದದ್ದು. ಪಕ್ಕದ ಗೂಡಿನಲ್ಲಿ ಇಲ್ಲಿನ ಕಾಡಿನದೇ ಹೆಣ್ಣು ಹೆಬ್ಬಾವು. ನಿಯಮದಂತೆ ಚೀಟಿ ಬರೆದು, ಆವರಣದ ಆ ತುದಿಯ ಉಗ್ರಾಣಕ್ಕೆ ನಡೆದು, ಹೊಸ ಬಲ್ಬು ತರಬೇಕಿತ್ತು. ಡಾಕ್ಟರಮ್ಮ ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದರು. ಹಿರಿಯ ಕೆಲಸಗಾರ ದೊಡ್ಡಣ್ಣ ರಜೆಯಲ್ಲಿದ್ದ. ಹಗ್ಗ ಗಂಡನ್ನು ಎತ್ತಿ ಹೆಣ್ಣಿನ ಗೂಡಿಗೆ ಬಿಟ್ಟ. ‘ಎರಡು ದಿನ ನೆಂಟರ ಹಾಗೆ ಇದ್ದು ಬರಲಿ’ ಅಂದುಕೊಂಡ. ಎರಡು ಒಂಬತ್ತಾಯಿತು. ದಾಖಲೆ ಪುಸ್ತಕದಲ್ಲಿ ಮಾತ್ರ ಅದರ ಬಗ್ಗೆ ಒಂದಕ್ಷರವೂ ಬೀಳಲಿಲ್ಲ.

ಡಾಕ್ಟರಮ್ಮ ಮರಳಿ ಬಂದು, ಮೊದಲೇ ಯೋಚಿಸಿದ್ದಂತೆ ಅದೇ ಹೆಣ್ಣನ್ನು ಅದರದೇ ಜಾತಿಯ ಗಂಡಿನ ಜೊತೆ ಬಿಟ್ಟರು. ಕೆಲವು ತಿಂಗಳಿಗೆ ಇಪ್ಪತ್ಮೂರು ಮೊಟ್ಟೆ! ಹೆಣ್ಣು ಅವುಗಳ ಸುತ್ತ ಸುರುಳಿ ಸುತ್ತಿ, ಮೈ ನಡುಗಿಸಿ ನಡುಗಿಸಿ ಕಾವು ಕೊಡತೊಡಗಿತು. ಆ ಜಾತಿ ಕಾಡಿನಲ್ಲಿ ಕಮ್ಮಿಯಾಗುತ್ತಿತ್ತು. ಮರಿಗಳನ್ನು ಅಲ್ಲಿಗೆ ಬಿಡಬೇಕೆಂಬುದು ಡಾಕ್ಟರಮ್ಮನ ಆರು ವರ್ಷದ ಕನಸು. ಖುಷಿಗೆ ಎಲ್ಲರಿಗೂ ಚಹಾ ಕೊಡಿಸಿದರು. ‘ಚಳಿಗಾಲದಲ್ಲಿ ಚೆನ್ನಾಗಿ ನೋಡ್ಕೊಂಡಿದ್ದೀಯ’ ಎಂದು ಹಗ್ಗನ ಬೆನ್ನು ತಟ್ಟಿದರು. ಅವನು ಅರ್ಧ ಕುಡಿದ ಚಹಾವನ್ನು ಗಿಡದ ಬುಡಕ್ಕೆ ಸುರಿದ.

ಮಧ್ಯಾಹ್ನ ಗಾಜು ಒರೆಸುತ್ತ ದೊಡ್ಡಣ್ಣನನ್ನು ಕೇಳಿದ.

“ಅಣ್ಣಾ, ಸುಮ್ನೆ ಕೇಳ್ತೀನಿ. ಬೇರೆ ಬೇರೆ ಜಾತಿ ಹಾವು ಕೂಡ್ತವಾ?”

“ಯಾಕೋ, ಮದುವೆ ದಲ್ಲಾಳಿ ಕೆಲಸ ಹಿಡಿದ್ಯಾ? ನಾಗರಕ್ಕೂ ಕೇರೆಗೂ ಜೋಡಿ ಅಂತಾರಲ್ಲ, ಅದೆಲ್ಲ ಬುರುಡೆ. ಅಷ್ಟು ದೂರದವು ಕೂಡಲ್ಲ.”

ಹಗ್ಗನಿಗೆ ಹೋದ ಜೀವ ಬಂದಂತಾಯಿತು.

“ಆದ್ರೆ ಹತ್ತಿರದ ಸಂಬಂಧ ಇದ್ದು, ಒಂದೇ ಗೂಡಲ್ಲಿ ಹಾಕಿದ್ರೆ ಕೂಡಬಹುದು. ನಮ್ಮ ಹೆಣ್ಣೂ ಆ ಏಳನೇ ಗೂಡಿನ ಗಂಡೂ ಅಂಥವೇ. ಮರಿ ಆಗ್ತವೆ, ಆ ಮರಿಗಳಿಗೂ ಮರಿ ಆಗ್ತವೆ. ಒಂದ್ಸಲ ಕಾಡಿಗೆ ಹೋದ್ರೆ ಹಾಲಲ್ಲಿ ಬೆರೆತ ನೀರಿದ್ದ ಹಾಗೆ. ಯಾರಪ್ಪ ಬೇರೆ ಮಾಡೋರು?”

ಬಂದ ಜೀವ ಅದೇ ಕಾಲಲ್ಲಿ ವಾಪಸ್ ಹೊರಟಿತು.

ಅಂದಿನಿಂದ ಅವನು ತನಗೆ ತಾನೇ ವಕೀಲನಾದ. ಕೂಡಿದ್ದನ್ನು ಯಾರು ಕಂಡರು? ತಾನೂ ಕಂಡಿಲ್ಲ. ನಿಜ, ಗಾಜಿನತ್ತ ತಿರುಗಿ ನೋಡುವ ಶ್ರಮವನ್ನೂ ಆಗ ಅವನು ತೆಗೆದುಕೊಂಡಿರಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ. ಹೇಳದಿದ್ದರೆ ಒಂದು ಕಾಡಿನ ಹಾವಿನ ಕುಲವೇ ಕೆಡುತ್ತದೆ. ಮನೆಯಲ್ಲಿ ತಟ್ಟೆ ಮುಂದೆ ಕೂತರೆ ಅಮ್ಮ, “ಯಾಕೋ, ಮುಖ ಹರಳೆಣ್ಣೆ ಕುಡಿದೋನ ಹಾಗಿದೆ?” ಎಂದಳು. “ಏನಿಲ್ಲಮ್ಮ” ಎಂದ. ಒಂಬತ್ತು ದಿನಕ್ಕೂ ಅವನು ಪುಸ್ತಕದಲ್ಲಿ ಬರೆದಿದ್ದು ಅದನ್ನೇ: ‘ಏನೂ ವಿಶೇಷವಿಲ್ಲ’ ಎಂಬ ಖಾಲಿ ಸಾಲು.

ಮುಂದಿನ ವಾರ ಮೊಟ್ಟೆ ಒಡೆಯುತ್ತವೆ ಎಂದು ತಿಳಿದ ದಿನ ಡಾಕ್ಟರಮ್ಮನ ಕೋಣೆಗೆ ಹೋಗಿ, ನೆಲ ನೋಡುತ್ತ ಎಲ್ಲ ಹೇಳಿದ.

“ಎಷ್ಟು ದಿನ ಒಟ್ಟಿಗಿದ್ವು?”

“ಎರಡು…”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಒಂಬತ್ತು, ಮೇಡಂ.”

ಬೈದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಲೇ ಕೂತರು. ಕೊನೆಗೆ, “ಪರೀಕ್ಷೆ ಮಾಡಿಸೋಣ. ನೀನು ಹೋಗು, ಆ ಹೆಣ್ಣಿಗೆ ನೀರಿಡು” ಎಂದರು.

ಹತ್ತೊಂಬತ್ತು ಮರಿ ಬದುಕಿದವು. ಅವು ಕಳಚಿದ ಪೊರೆ ಪ್ರಯೋಗಾಲಯಕ್ಕೆ ಹೋಯಿತು. ಒಂದೇ ಹೆಣ್ಣಿನ ಮೊಟ್ಟೆಗಳಿಗೆ ಇಬ್ಬರು ಅಪ್ಪಂದಿರು, ಹಾವುಗಳಲ್ಲಿ ಅದೂ ಉಂಟು: ಐದು ಮರಿ ಇಲ್ಲಿನ ಗಂಡಿನವು, ಹದಿನಾಲ್ಕು ಬೆರಕೆ. ಐದು ಕಾಡಿಗೆ ಹೋದವು. ಹದಿನಾಲ್ಕಕ್ಕೆ ಗಾಜಿನ ಹಿಂದೆಯೇ ಜೀವನ. ಹೆಬ್ಬಾವು ಇಪ್ಪತ್ತು ವರ್ಷ ಸಲೀಸಾಗಿ ಬದುಕುತ್ತದೆ. ಹಗ್ಗನ ಕೆಲಸ ಹೋಗಲಿಲ್ಲ. ಆ ಹದಿನಾಲ್ಕರ ಜವಾಬ್ದಾರಿಯನ್ನೇ ಅವನ ಹೆಗಲಿಗೆ ಹಾಕಿದರು. ಕೆಲಸ ಹೋಗಿದ್ದರೇ ಚೆನ್ನಾಗಿರುತ್ತಿತ್ತೇನೋ ಎಂದು ಬೆಳಗ್ಗೆ ಬೆಳಗ್ಗೆ ಅನ್ನಿಸುತ್ತಿತ್ತು.

ಒಂದು ದಿನ ನೋಡಲು ಬಂದ ಹೆಂಗಸೊಬ್ಬಳು ಗಾಜಿಗೆ ಮೂಗು ತಾಗಿಸಿ ನಿಂತಳು. “ಅಬ್ಬಾ, ಎಷ್ಟು ಚೆಂದ! ಇವನ್ನ ಯಾವಾಗ ಕಾಡಿಗೆ ಬಿಡ್ತೀರಪ್ಪ?”

“ಬಿಡಲ್ಲ, ಅಮ್ಮಾ.”

“ಯಾಕೆ?”

‘ಬೆರಕೆ’ ಅಂದುಬಿಟ್ಟರೆ ತಪ್ಪು ಹಾವಿನದೇ ಎಂಬಂತಾಗುತ್ತದೆ. “ನನ್ನ ದೆಸೆಯಿಂದ” ಎಂದ.

“ಗೊತ್ತಾಯ್ತು ಬಿಡು. ಮಕ್ಕಳ ಹಾಗೆ ಸಾಕಿದ್ದೀಯ, ಕಳಿಸೋಕೆ ಮನಸ್ಸು ಬರಲ್ಲ. ನಿನ್ನಂಥೋರು ಎಷ್ಟು ಜನ ಇದ್ದಾರೆ?” ಎಂದು ಮೆಚ್ಚಿಕೊಂಡು ಅವಳು ಮುಂದಿನ ಗೂಡಿನತ್ತ ನಡೆದಳು.

ಆ ಹೊಗಳಿಕೆ ಒಂದು ಗಳಿಗೆ ಸಿಹಿಯಾಗಿಯೇ ಇತ್ತು. ಹಗ್ಗನಿಗೆ ತನ್ನ ಮೇಲೇ ಅಸಹ್ಯವಾಯಿತು. ಕೈಯಲ್ಲಿದ್ದ ಒದ್ದೆ ಬಟ್ಟೆ ಕೆಳಗಿಟ್ಟು ಅವಳ ಹಿಂದೆಯೇ ಓಡಿದ.

“ಅಮ್ಮಾ, ಒಂದ್ನಿಮಿಷ ನಿಲ್ಲಿ. ಅದು ಹಾಗಲ್ಲ.”